ಪ್ರಶ್ನೆಗೂ ಬೇಕು ಸಿಂಧುತ್ವ

ಕಳೆದ ವರ್ಷ ಒಂದು ಪ್ರಶ್ನಾವಳಿ ನನ್ನ ಕೈಗೆ ಬಂತು. ಮನುಷ್ಯರು ಹೇಗೆ ಉಣ್ಣುತ್ತಾರೆ, ಯಾವಾಗ ಕೈ ತಡೆಯುತ್ತಾರೆ, ಯಾವಾಗ ತಡೆಯಲಾರರು ಅನ್ನುವುದನ್ನು ಅಳೆಯುವ ಪ್ರಶ್ನಾವಳಿ. 26 ವಾಕ್ಯಗಳು. ಇಂಗ್ಲಿಷಿನಿಂದ ಕನ್ನಡಕ್ಕೆ ಆಗಲೇ ಆಗಿತ್ತು. ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು, ಹಿಂದೆ ನನ್ನ ಹತ್ತಿರ ಓದಿದವಳು, "ಮೇಷ್ಟ್ರೇ, ಕನ್ನಡ ಸರಿಯಾಗಿದೆಯಾ ಒಂದ್ಸಲ ನೋಡಿಕೊಡಿ" ಎಂದಳು. ಮೈಸೂರಿನ ಅಗ್ರಹಾರದ ಒಂದು ಹೋಟೆಲಿನಲ್ಲಿ ಕೂತು ಓದಿದೆ. ನನ್ನ ಅಪ್ಪನ ಕಾಲದಲ್ಲಿ ನಮ್ಮವರಿಗೆ ಹೋಟೆಲಿನ ಹೊರಗೆ ಬೇರೆ ಲೋಟ ಇರುತ್ತಿತ್ತು. ಈಗ ಒಳಗೆ ಕೂತು ಕಾಫಿ ಕುಡಿಯುತ್ತೇನೆ. ಏನೂ ಬದಲಾಗಿಲ್ಲ ಅಂತ ನಾನು ಹೇಳಲಾರೆ.

ಕನ್ನಡ ಸರಿಯಾಗಿಯೇ ಇತ್ತು. ಒತ್ತು, ದೀರ್ಘ, ವಿಭಕ್ತಿ ಎಲ್ಲ ಸರಿ. ಆದರೆ ಓದುತ್ತಾ ಹೋದಂತೆ ಏನೋ ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು. ಹಸಿವಾದಾಗಲೂ ಊಟ ಬಿಡುತ್ತೀರಾ ಎಂಬ ಅರ್ಥದ ಒಂದು ವಾಕ್ಯ ಇತ್ತು. ತಲೆಯಲ್ಲಿ ಊಟದ ಯೋಚನೆಯೇ ತುಂಬಿಕೊಂಡಿರುತ್ತದೆಯೇ ಎಂಬರ್ಥದ ಇನ್ನೊಂದು. ತಿನ್ನಲು ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲವೇ ಎಂಬಂಥದು ಮತ್ತೊಂದು. ಉತ್ತರಕ್ಕೆ ಆರು ಮನೆಗಳು: ಯಾವಾಗಲೂ, ಸಾಮಾನ್ಯವಾಗಿ, ಆಗಾಗ, ಕೆಲವೊಮ್ಮೆ, ಅಪರೂಪಕ್ಕೆ, ಎಂದೂ ಇಲ್ಲ. ಹೆಚ್ಚಿನ ವಾಕ್ಯಗಳಲ್ಲಿ 'ಯಾವಾಗಲೂ' ಅಂದರೆ 3 ಅಂಕ, 'ಸಾಮಾನ್ಯವಾಗಿ' 2, 'ಆಗಾಗ' 1, ಉಳಿದದ್ದಕ್ಕೆ ಸೊನ್ನೆ. ಒಟ್ಟು 20 ಮುಟ್ಟಿದರೆ ಆ ಮನುಷ್ಯರ ಉಣ್ಣುವ ರೀತಿಯಲ್ಲಿ ರೋಗದ ಲಕ್ಷಣ ಇರಬಹುದು, ವೈದ್ಯರು ನೋಡಬೇಕು ಎಂದು ಲೆಕ್ಕ.

ಈ ಪ್ರಶ್ನೆಗಳು ಕೂರಿಸಿ ಕೇಳುತ್ತಿರುವುದು ಯಾರನ್ನು? ಎದುರಿಗೆ ಊಟ ಇದ್ದವರನ್ನು. ಊಟ ಇದೆ, ಹಸಿವೂ ಇದೆ, ಆದರೂ ಮನಸ್ಸು ಬೇಡ ಅನ್ನುತ್ತದೆ. ಅಂಥವರ ಕಷ್ಟ ಸುಳ್ಳಲ್ಲ. ಆದರೆ ಎದುರಿಗೆ ಊಟವೇ ಇಲ್ಲದವರ ಮುಂದೆ ಇದೇ ಹಾಳೆ ಇಟ್ಟರೆ ಏನಾಗುತ್ತದೆ?

ಈ ಹಾಳೆಯ ಹುಟ್ಟು ನಮ್ಮ ಸೀಮೆಯದಲ್ಲ. ಕೆನಡಾದ ಟೊರಾಂಟೊದಲ್ಲಿ ಗಾರ್ನರ್ ಮತ್ತು ಸಂಗಡಿಗರು 1979ರಲ್ಲಿ 40 ವಾಕ್ಯಗಳ ಪರೀಕ್ಷೆಯೊಂದನ್ನು ಮಾಡಿದರು. ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ಹೆಣ್ಣುಮಕ್ಕಳ ಕಾಯಿಲೆಯನ್ನು ಗುರುತಿಸುವುದು ಅವರ ಉದ್ದೇಶ. 1982ರಲ್ಲಿ ಅದನ್ನು 26ಕ್ಕೆ ಇಳಿಸಿದರು. 1985ರಲ್ಲಿ ಅಮೆರಿಕದ ಸ್ಟಂಕರ್ಡ್ ಮತ್ತು ಮೆಸಿಕ್ 51 ಪ್ರಶ್ನೆಗಳ ಇನ್ನೊಂದನ್ನು ಮಾಡಿದರು. ಅದು ಅಳೆಯುವುದು ಸಂಯಮ, ಸಂಯಮ ಸಡಿಲವಾಗುವುದು, ಹಸಿವು ಎಂಬ ಮೂರನ್ನು. 1986ರಲ್ಲಿ ಡಚ್ಚರ 33 ಪ್ರಶ್ನೆಗಳದು ಬಂತು. ಇವು ಈಗ ಲೋಕದ ಎಷ್ಟೋ ಭಾಷೆಗಳಲ್ಲಿವೆ. ನಮ್ಮ ಮೈಸೂರಿನ ವಿದ್ಯಾರ್ಥಿಗಳ ಮೇಲೂ ಆ 26 ವಾಕ್ಯಗಳನ್ನು ಬಳಸಿ ಮಾಡಿದ ಅಧ್ಯಯನವೊಂದು 2018ರಲ್ಲಿ ದೇಶದ ಮನೋವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅನ್ನವನ್ನು ಅಳೆಯುವುದು ಮೈಸೂರಿಗೆ ಹೊಸದೇನಲ್ಲ. 1950ರಿಂದ ಇಲ್ಲಿ ಕೇಂದ್ರ ಆಹಾರ ಸಂಶೋಧನಾಲಯವೇ ಇದೆ. ಕಾಳಿನಲ್ಲಿ ಸಸಾರಜನಕ ಎಷ್ಟಿದೆ ಎಂದು ಅಳೆಯುವುದು ಒಂದು. ಉಣ್ಣುವ ಮನುಷ್ಯರ ಮನಸ್ಸನ್ನು ಅಳೆಯುವುದು ಇನ್ನೊಂದು. ಕಾಳು ಎದುರು ಮಾತಾಡುವುದಿಲ್ಲ.

ಬೇರೆ ಭಾಷೆಯಿಂದ ತಂದದ್ದನ್ನು ಹಾಗೇ ಬಳಸುವಂತಿಲ್ಲ, ಅದಕ್ಕೂ ಒಂದು ಕ್ರಮ ಇದೆ. ಒಬ್ಬರು ಕನ್ನಡಕ್ಕೆ ತರುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. 1970ರಲ್ಲಿ ಬ್ರಿಸ್ಲಿನ್ ಎಂಬ ವಿದ್ವಾಂಸ ಬರೆದ ಮೇಲೆ ಇದು ರೂಢಿಯಾಯಿತು. ಆಮೇಲೆ ತಜ್ಞರು ನೋಡುತ್ತಾರೆ. ಒಂದಷ್ಟು ಜನಕ್ಕೆ ಕೊಟ್ಟು, ವಾಕ್ಯಗಳು ಒಂದಕ್ಕೊಂದು ಹೊಂದಿಕೊಂಡು ಹೋಗುತ್ತವೆಯೇ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕೆ ಕ್ರಾನ್‌ಬ್ಯಾಕ್ ಆಲ್ಫಾ ಅಂತ ಹೆಸರು, ಅದು 1951ರದು. 0.7 ದಾಟಿದರೆ ಸಾಕು ಎಂದು ಬಹುಪಾಲು ಜನ ಒಪ್ಪುತ್ತಾರೆ. ಒಂದೆರಡು ವಾರ ಬಿಟ್ಟು ಅದೇ ಜನರನ್ನು ಅದೇ ಪ್ರಶ್ನೆ ಕೇಳಿ, ಉತ್ತರ ಅದೇ ಬರುತ್ತದೆಯೇ ನೋಡುತ್ತಾರೆ. ಇಷ್ಟಾದರೆ ಪ್ರಶ್ನಾವಳಿಗೆ ಸಿಂಧುತ್ವ ಬಂತು ಅನ್ನುತ್ತಾರೆ.

ಸಿಂಧುತ್ವ ಎಂಬ ಮಾತು ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು. ಮೀಸಲಾತಿಯಲ್ಲಿ ಕೆಲಸ ಸಿಕ್ಕಿದರೆ ಮೊದಲು ಕೇಳುವುದೇ ಸಿಂಧುತ್ವ ಪ್ರಮಾಣಪತ್ರ. ನೀನು ಹೊಲೆಯನೋ ಮಾದಿಗನೋ ನಿಜವಾಗಿ ಹೌದೋ ಅಲ್ಲವೋ ಅಂತ ಕಾಗದ ತರಬೇಕು. ಊರಲ್ಲಿ ಬಾವಿಯ ಹತ್ತಿರ, ಗುಡಿಯ ಹತ್ತಿರ ಯಾವ ಕಾಗದವನ್ನೂ ಕೇಳದೆ ಗುರುತಿಸಿದ ಜಾತಿಗೆ ಕಚೇರಿಯಲ್ಲಿ ಕಾಗದ ಬೇಕು. ಆಗಲಿ, ಕೊಡುತ್ತೇವೆ. ಆದರೆ ನಮ್ಮನ್ನು ಅಳೆಯಲು ಬರುವ ಪ್ರಶ್ನೆಯ ಸಿಂಧುತ್ವವನ್ನು ಯಾರು ಕೇಳಬೇಕು? ನನ್ನ ಮಾತು ಇರುವುದು ಅಲ್ಲಿ.

ಒಂದು ಭಾನುವಾರ ಆ ಹುಡುಗಿಯನ್ನು ನಂಜನಗೂಡು ಕಡೆಯ ನಮ್ಮೂರಿಗೆ ಕರೆದುಕೊಂಡು ಹೋದೆ. ಕೇರಿಯಲ್ಲಿ ನಮ್ಮ ಚಿಕ್ಕವ್ವ ಜಗಲಿ ಮೇಲೆ ಕೂತಿದ್ದಳು. ಎಪ್ಪತ್ತು ದಾಟಿದ ಜೀವ. ಹುಡುಗಿ ಹಾಳೆ ತೆಗೆದು ಕೇಳಿದಳು: "ಅಜ್ಜಿ, ಹಸಿವಾದಾಗಲೂ ಊಟ ಬಿಟ್ಟಿದ್ದೀರಾ?"

ಚಿಕ್ಕವ್ವ ಅವಳ ಮುಖವನ್ನೇ ನೋಡಿದಳು. "ನಾವೆಲ್ಲಿ ಊಟ ಬುಟ್ಟೊ ಮಗಾ? ಊಟವೇ ನಮ್ಮನ್ನ ಬುಟ್ಟಿತ್ತು."

ಹುಡುಗಿಯ ಪೆನ್ನು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ನನ್ನನ್ನು ಕೇಳಿದಳು: "'ಆಗಾಗ' ಅಂತ ಹಾಕಲಾ ಮೇಷ್ಟ್ರೇ?"

ಆಮೇಲೆ ತಿನ್ನುವುದನ್ನು ನಿಲ್ಲಿಸಲಾಗದ ಪ್ರಶ್ನೆ. ಚಿಕ್ಕವ್ವ ನಕ್ಕಳು. "ಯಾಕ್ ನಿಲ್ಲುಸ್ಬೇಕು? ಮದ್ವೇಲಿ ಒಂದಿನ ಎಲೆ ತುಂಬ ಇಕ್ಕುದ್ರೆ ಹೊಟ್ಟೆ ತುಂಬ ಉಣ್ಣೋದೆಯ. ನಾಳೀಕೆ ಯಾರ್ ಕೊಟ್ಟಾರು?" ಊಟದ ಯೋಚನೆ ತಲೆಯಲ್ಲಿ ತುಂಬಿರುತ್ತದೆಯೇ ಎಂಬ ಪ್ರಶ್ನೆಗೆ ಅವಳು ಉತ್ತರವನ್ನೇ ಕೊಡಲಿಲ್ಲ. ಐದು ಮಕ್ಕಳನ್ನು ಹೆತ್ತು, ಕೂಲಿ ಸಿಕ್ಕಿದ ದಿನ ಇಟ್ಟು, ಸಿಕ್ಕದ ದಿನ ನೀರು ಅಂತ ಬದುಕಿದವಳು ಬೆಳಗಾಗೆದ್ದು ಊಟವನ್ನಲ್ಲದೆ ಇನ್ನೇನನ್ನು ಯೋಚಿಸಬೇಕಿತ್ತು? 'ಯಾವಾಗಲೂ' ಎಂದು ಗುರುತು ಹಾಕಿದರೆ 3 ಅಂಕ. ಹೀಗೆ ಕೂಡುತ್ತಾ ಹೋದರೆ ನಮ್ಮ ಚಿಕ್ಕವ್ವ ರೋಗದ ಗೆರೆಯ ಹತ್ತಿರಕ್ಕೆ ಬರುತ್ತಾಳೆ. ಯಾವ ರೋಗ? ದಪ್ಪಗಾಗುವ ಭಯದ ರೋಗ!

ನಗಬೇಡಿ. ಇದು ನಡೆದಿದೆ. 1989ರಲ್ಲಿ ಕಿಂಗ್ ಮತ್ತು ಭೂಗ್ರ ಎಂಬಿಬ್ಬರು ಉತ್ತರ ಭಾರತದ ಶಾಲೆಯ ಹುಡುಗಿಯರಿಗೆ ಇದೇ 26 ವಾಕ್ಯಗಳನ್ನು ಕೊಟ್ಟ ಅಧ್ಯಯನವೊಂದನ್ನು ಪ್ರಕಟಿಸಿದರು. ಗೆರೆ ದಾಟಿದವರು ಬಹಳ ಮಂದಿ. ನೋಡಿದರೆ ಕೆಲವು ವಾಕ್ಯಗಳನ್ನು ಹುಡುಗಿಯರು ತಮ್ಮ ಮನೆಯ ವ್ರತ, ಉಪವಾಸ, ಆಚಾರಗಳ ಅರ್ಥದಲ್ಲಿ ಓದಿಕೊಂಡಿದ್ದರು. 2004ರಲ್ಲಿ ದಕ್ಷಿಣ ಆಫ್ರಿಕಾದ ಬಡ ಕಪ್ಪು ಮಕ್ಕಳ ಬಗ್ಗೆ ಲೆ ಗ್ರಾಂಜ್ ಮತ್ತು ಸಂಗಡಿಗರು ಬರೆದರು. ಅಲ್ಲೂ ಅಂಕ ಜಾಸ್ತಿ. ಎದುರಿಗೆ ಕೂತು ಮಾತಾಡಿಸಿದಾಗ ತಿಳಿದದ್ದು ಏನೆಂದರೆ, ಆ ಮಕ್ಕಳ ತಲೆಯಲ್ಲಿ ಊಟದ ಯೋಚನೆ ತುಂಬಿದ್ದು ಬಡತನಕ್ಕೆ, ಹೊಟ್ಟೆಗೆ ಇಲ್ಲದ್ದಕ್ಕೆ. ಒಂದು ಕಡೆ ದೇವರಿಗಾಗಿ ಬಿಟ್ಟ ಊಟ, ಇನ್ನೊಂದು ಕಡೆ ಸಿಕ್ಕದೆ ಹೋದ ಊಟ. ಹಾಳೆಗೆ ಎರಡೂ ಒಂದೇ.

ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಮಾತಿದೆ, ಉಪವಾಸ. ಏಕಾದಶಿಯ ದಿನ ಅಗ್ರಹಾರದ ಮನೆಯಲ್ಲಿ ಒಲೆ ಹಚ್ಚದಿದ್ದರೆ ಅದು ಉಪವಾಸ. "ರಾತ್ರಿ ಮಕ್ಕಳು ಉಪವಾಸ ಮಲಗಿದವು" ಎಂದು ಕೇರಿಯ ತಾಯಿ ಹೇಳಿದರೆ ಅದೂ ಉಪವಾಸ. ಅಗ್ರಹಾರದ ಉಪವಾಸಕ್ಕೆ ಮಾರನೆಯ ದಿನ ಪಾರಣೆ ಇದೆ. ಕೇರಿಯ ಉಪವಾಸಕ್ಕೆ ಪಾರಣೆ ಯಾವತ್ತು ಅಂತ ಪಂಚಾಂಗದಲ್ಲಿ ಬರೆದಿಲ್ಲ. ಅಗ್ರಹಾರ ಅಂದರೆ ಮೊದಲು ಬ್ರಾಹ್ಮಣರಿಗೆ ದತ್ತಿಯಾಗಿ ಕೊಟ್ಟ ಕೇರಿ, ಭೂಮಿ. ಉಣ್ಣುವುದಕ್ಕೆ ಗೊತ್ತುಪಡಿಸಿ ಕೊಟ್ಟ ಜಾಗ. ಅಲ್ಲೂ ಬಡವರಿದ್ದರು, ವಾರಾನ್ನ ಉಂಡು ಓದಿದ ಹುಡುಗರಿದ್ದರು, ಅದನ್ನು ಮರೆಸುವುದು ಬೇಡ. ಆದರೆ ಅವರಿಗೆ ವಾರಕ್ಕೆ ಏಳು ಮನೆಯ ಬಾಗಿಲು ತೆರೆದಿತ್ತು. ಅಲ್ಲಿಂದ ನಡೆದು ಹೋಗುವಷ್ಟು ದೂರದ ಅಶೋಕಪುರದ ಹುಡುಗನಿಗೆ ಆ ಏಳರಲ್ಲಿ ಒಂದೂ ತೆರೆಯುತ್ತಿರಲಿಲ್ಲ.

ಈಗ ಆ ತಿರುಗು ಅನುವಾದದ ಪರೀಕ್ಷೆಯನ್ನು ನೆನೆಯಿರಿ. ಇಂಗ್ಲಿಷಿನ ಮಾತು 'ಉಪವಾಸ'ವಾಗಿ ಕನ್ನಡಕ್ಕೆ ಬಂತು. ಓದಿದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷ್ ಮಾಡಿದರು. ಮೂಲದ ಮಾತೇ ಬಂತು. ಪಾಸು! ಹೋದವರೂ ಬಂದವರೂ ಒಂದೇ ಬೀದಿಯಲ್ಲಿ ಓಡಾಡಿದ್ದರಿಂದ ದಾರಿ ತಪ್ಪಲಿಲ್ಲ. ಕೇರಿಯ ಕಡೆಗೆ ತಿರುಗಲೇ ಇಲ್ಲವಲ್ಲ, ತಪ್ಪುವುದು ಎಲ್ಲಿಂದ?

ಇದೇ ಮೈಸೂರಿನಲ್ಲಿ 1973ರ ನವೆಂಬರಿನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಬೂಸಾ ಅಂದರೆ ದನಕ್ಕೆ ಹಾಕುವ ಹೊಟ್ಟು. ಗಲಾಟೆಯಾಯಿತು, ನಮ್ಮ ಹುಡುಗರು ಏಟು ತಿಂದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಅವರು ಕೇಳಿದ್ದು ಈ ಕನ್ನಡದಲ್ಲಿ ನಮ್ಮ ಬದುಕಿಗೆ ಬೇಕಾದ ಕಾಳು ಎಲ್ಲಿದೆ ಅಂತ. ಪ್ರಶ್ನಾವಳಿಯ ಕನ್ನಡಕ್ಕೂ ಅದೇ ಪ್ರಶ್ನೆ. ಅದರಲ್ಲಿ 'ಆಹಾರ ಸೇವನೆ' ಇದೆ. ತಂಗಳು ಇಲ್ಲ, ಅಂಬಲಿ ಇಲ್ಲ, ಮುಸುರೆ ಇಲ್ಲ, ಬಾಡು ಇಲ್ಲ, ಸಾಲದ ಅಕ್ಕಿ ಇಲ್ಲ.

ಲೆಕ್ಕ ಸರಿಯಾಗಿದೆಯಲ್ಲ, ಆಲ್ಫಾ ಚೆನ್ನಾಗಿ ಬಂದಿದೆಯಲ್ಲ ಎಂದು ಕೇಳಬಹುದು. ಹುಡುಗಿಯೂ ಅದನ್ನೇ ಕೇಳಿದಳು. ನಾನು ನ್ಯಾಯಬೆಲೆ ಅಂಗಡಿಯ ಹಳೆಯ ತಕ್ಕಡಿಯ ಮಾತು ಹೇಳಿದೆ. ಕೆಳಗೆ ಮೇಣ ಅಂಟಿಸಿದ ತಕ್ಕಡಿಯಲ್ಲಿ ಇವತ್ತು ತೂಗಿದರೂ ಕಿಲೋಗೆ 900 ಗ್ರಾಂ, ಎರಡು ವಾರ ಬಿಟ್ಟು ತೂಗಿದರೂ 900 ಗ್ರಾಂ. ಹತ್ತು ಮನೆಗೆ ತೂಗಿದರೂ ಹಾಗೆಯೇ. ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದುತ್ತದೆ! ಸದಾ ಒಂದೇ ಉತ್ತರ ಬರುವುದು ಬೇರೆ, ನಿಜವಾದ ಉತ್ತರ ಬರುವುದು ಬೇರೆ. ಈ ವಿದ್ಯೆಯನ್ನು ಬಲ್ಲವರೇ ಇವೆರಡಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಮೊದಲನೆಯದು ವಿಶ್ವಾಸಾರ್ಹತೆ, ಎರಡನೆಯದು ಸಿಂಧುತ್ವ. ಮೊದಲನೆಯದನ್ನು ತೋರಿಸಿ ಎರಡನೆಯದೂ ಆಯಿತು ಅಂದುಕೊಳ್ಳುವುದೇ ಮೋಸ. ತಕ್ಕಡಿಯ ಮೋಸ ಯಾರಿಗೆ ಗೊತ್ತು? ಅಕ್ಕಿಯನ್ನು ಮನೆಗೆ ತಂದು ಮತ್ತೆ ಅಳೆದು ನೋಡಿದ ಹೆಂಗಸಿಗೆ.

ಇನ್ನು ನೀತಿಯ ಮಾತು. ನಮ್ಮ ಮಟ್ಟಿಗೆ ಇದು ಬರೀ ಭಾಷೆಯ ತೊಡಕಲ್ಲ, ಯಾಕೆಂದರೆ ಉಣ್ಣುವ ರೀತಿಯಿಂದ ಮನುಷ್ಯರಿಗೆ ಅಂಕ ಹಾಕುವುದು ಈ ದೇಶದಲ್ಲಿ ಬಹಳ ಹಳೆಯ ಕಸುಬು. ಮನುಸ್ಮೃತಿಯ 10ನೇ ಅಧ್ಯಾಯ ಶೂದ್ರ ಸೇವಕನಿಗೆ ಎಂಜಲನ್ನ ಕೊಡಬೇಕು ಎಂದು ವಿಧಿಸುತ್ತದೆ. ಚಂಡಾಲರು ಒಡೆದ ಪಾತ್ರೆಯಲ್ಲಿ ಉಣ್ಣಬೇಕು ಎನ್ನುತ್ತದೆ. ಭಗವದ್ಗೀತೆಯ 17ನೇ ಅಧ್ಯಾಯ ಊಟವನ್ನು ಮೂರು ದರ್ಜೆ ಮಾಡಿ, ಹಳಸಿದ್ದು, ತಂಗಳು, ಎಂಜಲು ತಾಮಸರಿಗೆ ಪ್ರಿಯ ಎನ್ನುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಒಂದು ಕೈ ಎಂಜಲು ಕೊಡುತ್ತದೆ. ಇನ್ನೊಂದು ಕೈ, ಎಂಜಲು ಇವನಿಗೆ ಪ್ರಿಯ, ಇವನ ಗುಣವೇ ಇಂಥದು ಎಂದು ಬರೆದುಕೊಳ್ಳುತ್ತದೆ. ಕೊಟ್ಟವರ ಹೆಸರು ಪಟ್ಟಿಯಲ್ಲಿಲ್ಲ, ಉಂಡವನ ಗುಣ ಮಾತ್ರ ಉಳಿಯಿತು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದರು, ಸತ್ತ ದನದ ಮಾಂಸವನ್ನೂ ಎಂಜಲನ್ನೂ ಬಿಡಿ ಎಂದು ನಮ್ಮವರಿಗೆ ಹೇಳಿದರು, ಅದೇ ವರ್ಷದ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಡಲಾಯಿತು. ಬಿಡುವ ಹಕ್ಕು ಮೊದಲು ನಮ್ಮ ಕೈಗೆ ಬರಬೇಕು, ಆಮೇಲೆ ಅಲ್ಲವೇ ಬಿಟ್ಟದ್ದಕ್ಕೆ ಬೆಲೆ!

ಆಯ್ಕೆ ಇದ್ದವರು ಮಾಡಿದ್ದನ್ನು ನಡತೆ ಎನ್ನಬಹುದು. ಆಯ್ಕೆಯೇ ಇಲ್ಲದವರಿಗೆ ಆದದ್ದನ್ನು ನಡತೆ ಎನ್ನಬಹುದೇ? ಹೊಟ್ಟೆ ತುಂಬಿದವರು ಕೈ ತಡೆದರೆ ಸಂಯಮ. ಹಸಿದವರು ಕೈ ತಡೆಯದಿದ್ದರೆ ಹೊಟ್ಟೆಬಾಕತನ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಒಂದು ಮನೆಯ ಮಂದಿಯೆಲ್ಲ ರಾತ್ರಿ ಬೆಂಕಿಯ ಸುತ್ತ ಕೂತು ಕಡಲೆಕಾಯಿ ತಿನ್ನುತ್ತಾರೆ, ಮುಗಿಯುವವರೆಗೂ ತಿನ್ನುತ್ತಾರೆ. ಓದಿದವರು ಅದನ್ನು ಮರೆಯಲಾರರು. ಆ ಮನೆಯವರ ಮುಂದೆ ಈ ಹಾಳೆ ಇಟ್ಟರೆ 'ನಿಲ್ಲಿಸಲಾಗದೆ ತಿನ್ನುವವರು' ಎಂದು ಪೂರ್ತಿ ಅಂಕ ಸಿಗುತ್ತದೆ. ಆ ರಾತ್ರಿಯ ಸುಖವನ್ನೂ ಅದರ ಹಿಂದಿನ ಎಷ್ಟೋ ರಾತ್ರಿಗಳನ್ನೂ ತುಂಬಲು ಹಾಳೆಯಲ್ಲಿ ಮನೆ ಇಲ್ಲ.

ಇನ್ನೊಂದು ಸಂಗತಿ, ಭಯ. ಕೇಳುವವರು ಯಾರು ಅನ್ನುವುದನ್ನು ನೋಡಿ ನಮ್ಮವರು ಉತ್ತರ ಕೊಡುತ್ತಾರೆ. ನಾನು ಚಿಕ್ಕವನಿದ್ದಾಗ ಶಾಲೆಯಲ್ಲಿ ನಿನ್ನೆ ಏನು ಊಟ ಎಂದು ಮೇಷ್ಟರು ಕೇಳಿದರೆ ಅನ್ನ ಸಾರು ಅನ್ನುತ್ತಿದ್ದೆ. ಉಂಡದ್ದು ದನದ ಬಾಡು. 2018ರಲ್ಲಿ ನಟರಾಜನ್ ಮತ್ತು ಜೇಕಬ್ ಎಂಬಿಬ್ಬರು ಸರ್ಕಾರದ ಸಮೀಕ್ಷೆಗಳನ್ನೇ ಕೂಲಂಕಷವಾಗಿ ನೋಡಿ, ಈ ದೇಶದಲ್ಲಿ ಸಸ್ಯಾಹಾರವನ್ನು ಇರುವುದಕ್ಕಿಂತ ಹೆಚ್ಚಾಗಿಯೂ ದನದ ಮಾಂಸ ತಿನ್ನುವುದನ್ನು ಇರುವುದಕ್ಕಿಂತ ಕಡಿಮೆಯಾಗಿಯೂ ಜನ ಹೇಳಿಕೊಳ್ಳುತ್ತಾರೆ ಎಂದು ತೋರಿಸಿದರು. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಗುರುತಿಲ್ಲದವರು ಹಾಳೆ ಹಿಡಿದು ಬಂದು ಏನು ಉಂಡಿರಿ ಎಂದರೆ ಯಾರು ನಿಜ ಹೇಳುತ್ತಾರೆ? ಹೆದರಿಸಿ ಪಡೆದ ಉತ್ತರಕ್ಕೆ ಯಾವ ಲೆಕ್ಕವೂ ಸಿಂಧುತ್ವ ಕೊಡಲಾರದು.

ಹಾಗಾದರೆ ಪ್ರಶ್ನಾವಳಿಯನ್ನು ಸುಟ್ಟುಬಿಡೋಣವೇ? ನಮ್ಮ ಕೆಲವು ಗೆಳೆಯರು ಹೌದು ಅಂದಾರು. ಇದೆಲ್ಲ ಉಂಡವರ ಕಾಯಿಲೆ, ನಮಗೇಕೆ ಅಂದಾರು. ನಾನು ಒಪ್ಪುವುದಿಲ್ಲ. ಹಾಸ್ಟೆಲಿನಲ್ಲಿ ನಮ್ಮ ಹುಡುಗಿಯೊಬ್ಬಳು ಮೈಯ ನಾಚಿಕೆಗೋ, ಊಟದ ಸಾಲಿನಲ್ಲಿ ಕೇಳಿದ ಮಾತಿಗೋ ಉಣ್ಣುವುದನ್ನೇ ಬಿಟ್ಟರೆ ಅದು ಕಾಯಿಲೆಯೇ. ಇದು ಮೇಲಿನವರ ರೋಗ ಎಂದು ಕಡೆಗಣಿಸಿದರೆ ಅವಳು ನಮ್ಮ ಕಣ್ಣೆದುರಿಗೇ ಸೊರಗುತ್ತಾಳೆ. ದಲಿತರಿಗೆ ಹೊಟ್ಟೆ ಮಾತ್ರ ಇದೆ, ಮನಸ್ಸಿಲ್ಲ ಎನ್ನುವುದೂ ಒಂದು ಜಾತಿಯ ಮಾತೇ. ಅಳತೆಯೇ ಬೇಡವೆಂದರೆ ಹಸಿವೂ ಲೆಕ್ಕಕ್ಕೆ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದಿತು. ಆ ಅಂಕಿ ಕೈಯಲ್ಲಿ ಇದ್ದದ್ದರಿಂದಲೇ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬೇಕು ಎಂದು ಜಗಳ ಆಡಲು ನಮಗೆ ಬಲ ಬಂತು.

ಬೇಕಾದದ್ದು ಅಳತೆಯ ಕೋಲನ್ನು ಬೇರೆ ಕಡೆಯಿಂದ ಮಾಡುವುದು. ಅದೂ ನಡೆದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ರಾಡಿಮರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಪ್ರಶ್ನೆಯನ್ನು ತಜ್ಞರ ಮೇಜಿನಿಂದ ಶುರು ಮಾಡಲಿಲ್ಲ. ಹಸಿವನ್ನು ಕಂಡ 32 ಹೆಂಗಸರ ಹತ್ತಿರ ಹೋಗಿ ಕೂತರು. ದುಡ್ಡು ಮುಗಿದಾಗ ಮನೆಯಲ್ಲಿ ಏನಾಗುತ್ತದೆ, ಮೊದಲು ಯಾರ ಊಟ ನಿಲ್ಲುತ್ತದೆ, ಮಕ್ಕಳಿಗೆ ಹೇಗೆ ಉಳಿಸುತ್ತೀರಿ ಎಂದು ಕೇಳಿ, ಅವರ ಮಾತಿನಿಂದಲೇ ಪ್ರಶ್ನೆ ಕಟ್ಟಿದರು. ಅಂಥ ಕೆಲಸದ ದಾರಿಯಲ್ಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈಗ ಬಳಸುವ 8 ಪ್ರಶ್ನೆಗಳ ಅಳತೆ ಬಂತು. ಅದರಲ್ಲಿ ಒಂದು ಸಣ್ಣ ಮಾತಿದೆ: ದುಡ್ಡು ಅಥವಾ ಬೇರೆ ಅನುಕೂಲ ಇಲ್ಲದ ಕಾರಣಕ್ಕೆ ಊಟ ತಪ್ಪಿತೇ ಎಂದು ಅದು ಕೇಳುತ್ತದೆ. ಈ ಒಂದು ಕಾರಣ ಸೇರಿದ್ದಕ್ಕೆ ಉಣ್ಣದವರ ಮೇಲಿದ್ದ ಬೆರಳು ಉಣ್ಣಿಸದ ವ್ಯವಸ್ಥೆಯ ಕಡೆಗೆ ತಿರುಗುತ್ತದೆ. ನಮ್ಮಲ್ಲಿ ಅದಕ್ಕೂ ಒಂದು ಸೇರಬೇಕು. ದುಡ್ಡು ಕೈಯಲ್ಲಿದ್ದೂ ಒಳಗೆ ಬಿಡದ್ದಕ್ಕೆ, ಪಂಕ್ತಿಯಿಂದ ಎಬ್ಬಿಸಿದ್ದಕ್ಕೆ, ಜಾತಿ ಹಿಡಿದು ಬೈದದ್ದಕ್ಕೆ ಊಟ ತಪ್ಪಿತೇ? ಮನೆಯೊಳಗೂ ಕೇಳಬೇಕು: ಎಲ್ಲರೂ ಉಂಡಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಉಂಡವರು ಯಾರು? ಈ ಪ್ರಶ್ನೆಗೆ ನಮ್ಮ ಕೇರಿಯ ಗಂಡಸರೂ ತಲೆ ತಗ್ಗಿಸಬೇಕು. ಹೊರಗೆ ಸಮಾನತೆ ಕೂಗಿ ಬಂದು ಒಳಗೆ ಮೊದಲ ಮುದ್ದೆಗೆ ಕೈ ಹಾಕುವವರು ನಾವು.

ಹಳ್ಳಿಯ ಮೇಷ್ಟರುಗಳೇ, ವಿದ್ಯಾರ್ಥಿಗಳೇ, ನಾಳೆ ನಿಮ್ಮ ಶಾಲೆಗೂ ಕೇರಿಗೂ ಇಂಥ ಹಾಳೆಗಳು ಬರುತ್ತವೆ. ಬಂದವರನ್ನು ಅಟ್ಟಬೇಡಿ, ಕೂರಿಸಿ. ಅವರೂ ನಮ್ಮ ಹಾಗೆ ಓದಿ ಮೇಲೆ ಬರಲು ಹೆಣಗುತ್ತಿರುವ ಮಕ್ಕಳೇ ಇರಬಹುದು. ಆದರೆ ಕೇಳಿ. ಈ ಪ್ರಶ್ನೆಯನ್ನು ಮೊದಲು ಯಾರ ಮುಂದೆ ಓದಿ ನೋಡಿದಿರಿ? ಇದು ಅರ್ಥವಾಯಿತೇ ಎಂದಷ್ಟೇ ಕೇಳಿದಿರೋ, ಏನು ಅರ್ಥವಾಯಿತು ಎಂದೂ ಕೇಳಿದಿರೋ? ನಿಮ್ಮ ತಜ್ಞರ ಸಮಿತಿಯಲ್ಲಿ ಹಸಿವು ಕಂಡವರು ಒಬ್ಬರಾದರೂ ಇದ್ದಾರೆಯೇ? ಉತ್ತರ ಪಡೆದ ಮೇಲೆ ನಮ್ಮನ್ನು ಏನೆಂದು ಕರೆಯುತ್ತೀರಿ? ಇದು ಉದ್ಧಟತನವಲ್ಲ. ಅವರದೇ ಶಾಸ್ತ್ರ ಕೇಳಬೇಕು ಎಂದು ಹೇಳಿ, ಎಷ್ಟೋ ಸಲ ಆತುರದಲ್ಲಿ ಬಿಟ್ಟ ಕೆಲಸ.

ಅವತ್ತು ಸಂಜೆ ಹೊರಡುವಾಗ ಚಿಕ್ಕವ್ವ ಹುಡುಗಿಗೆ ಇಟ್ಟು, ಉಪ್ಪೆಸರು ಕೊಟ್ಟಳು. ಹುಡುಗಿ ಸ್ವಲ್ಪ ಸಾಕು ಅಂದಳು. "ಯಾಕ್ ಮಗಾ, ಹೊಟ್ಟೆ ತುಂಬೈತೊ, ನಮ್ಮನೇದು ಅಂತ್ಲೊ?" ಎಂದು ಚಿಕ್ಕವ್ವ ಕೇಳಿದಳು. ಹುಡುಗಿ ತಟ್ಟೆ ಮುಂದಕ್ಕೆ ಹಿಡಿದಳು. ಬಸ್ಸಿನಲ್ಲಿ ಆಕೆ ಆ ಹಾಳೆ ತೆಗೆದು, ಊಟ ಬಿಡುವ ವಾಕ್ಯದ ಪಕ್ಕದಲ್ಲಿ 'ಯಾಕೆ?' ಎಂದು ಬರೆದಳು. ತಿನ್ನುವುದನ್ನು ನಿಲ್ಲಿಸಲಾಗದ ವಾಕ್ಯದ ಪಕ್ಕದಲ್ಲೂ ಬರೆದಳು. ಗೈಡು ಒಪ್ಪುತ್ತಾರೋ ಇಲ್ಲವೋ ಎಂಬ ಚಿಂತೆ ಅವಳಿಗಿತ್ತು. ನಮ್ಮ ಚಿಕ್ಕವ್ವ ಓದು ಬರಹ ಬಾರದವಳು. ಆದರೆ ಉಣ್ಣದಿರುವುದಕ್ಕೆ ಎರಡು ಕಾರಣ ಇರುತ್ತದೆ, ಒಂದು ಹೊಟ್ಟೆಯದು, ಒಂದು ಜಾತಿಯದು, ಕೇಳದೆ ತಿಳಿಯುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಆ ಒಂದು ಪ್ರಶ್ನೆಗೆ ಮಾತ್ರ ಯಾರ ಸಿಂಧುತ್ವವೂ ಬೇಕಿರಲಿಲ್ಲ.